ಮೊರಾಕೊ, 11 ರಾತ್ರಿ: ಮರಳುಗಾಡು, ಅಟ್ಲಾಸ್ ಬೆಟ್ಟ, ಕಡಲು, ಹಳೇ ಪೇಟೆ – ಯಾವುದನ್ನು ಕೈಬಿಡಬೇಕು?

ಉಪ್ಪಿಟ್ಟು_ಪಾಸ್‌ಪೋರ್ಟ್ (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಹೊಂದಿಸಿಕೊಂಡು ಅಕ್ಟೋಬರ್‌ನಲ್ಲಿ ಮೊರಾಕೊ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಐದು ಜನ: ಅಪ್ಪ (68, ಮಂಡಿ ನೋವು, ಸಮತಟ್ಟಾದ ಜಾಗದಲ್ಲಿ ಆರಾಮಾಗಿ ನಡೀತಾರೆ, ಮೆಟ್ಟಿಲು ಕಷ್ಟ), ಅಮ್ಮ (63, ಮಾಂಸ, ಮೊಟ್ಟೆ ಎರಡೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಆಗುತ್ತೆ), ನಾವಿಬ್ಬರು, 11 ವರ್ಷದ ಮಗಳು. ವಿಮಾನದ ದಿನಗಳು ಬಿಟ್ಟು ಅಲ್ಲಿ 11 ರಾತ್ರಿ ಸಿಗುತ್ತೆ. ಟಿಕೆಟ್ ಇನ್ನೂ ಮಾಡಿಸಿಲ್ಲ.

ಸದ್ಯಕ್ಕೆ ಬರೆದಿಟ್ಟಿರೋದು ಹೀಗಿದೆ: ಕಾಸಾಬ್ಲಾಂಕಾದಲ್ಲಿ ಇಳಿದು 1 ರಾತ್ರಿ, ಮರಾಕೆಶ್ 2, ಅಲ್ಲಿಂದ ಮರಳುಗಾಡಿಗೆ ಹೋಗಿ ಮತ್ತೆ ಮರಾಕೆಶ್‌ಗೇ ವಾಪಸ್ (2 ರಾತ್ರಿ), ಕಡಲಿಗೆ ಎಸ್ಸವೀರಾ 1, ರೈಲಲ್ಲಿ ಫೆಸ್ 2, ನೀಲಿ ಊರು ಶೆಫ್‌ಶಾವೆನ್ 2, ಕೊನೆಗೆ ಕಾಸಾಬ್ಲಾಂಕಾ 1.

ಕೇಳಬೇಕಾಗಿರೋದು: ಇದು ಆಗೋ ಮಾತಾ? ಕಾರು ನಾವೇ ಓಡಿಸೋದಾ, ಡ್ರೈವರ್ ಸಮೇತ ಗಾಡಿ ಹಿಡಿಯೋದಾ? ಅಮ್ಮನ ಊಟಕ್ಕೆ ಏನು ದಾರಿ?

---

ಹಳೇ_ನಕ್ಷೆ (ಮಲ್ಲೇಶ್ವರಂ)

ಆಗೋದಿಲ್ಲ ಅಂತಲ್ಲ. ಹೀಗೆ ಹೋದರೆ ಅರ್ಧ ಪ್ರವಾಸ ಗಾಡಿಯ ಕಿಟಕಿಯಲ್ಲೇ ಮುಗಿಯುತ್ತೆ. ಜಾಗಗಳ ಆಯ್ಕೆಗಿಂತ ನಿಮ್ಮ ಪಟ್ಟಿಯಲ್ಲಿ ತಪ್ಪಿರೋದು ಅವುಗಳ ಅನುಕ್ರಮ.

ನಕ್ಷೆ ಎದುರಿಗಿಟ್ಟುಕೊಂಡು ನೋಡಿ. ಅಟ್ಲಾಸ್ ಬೆಟ್ಟಸಾಲು ದೇಶವನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತೆ. ಮರಾಕೆಶ್, ಫೆಸ್, ಕಾಸಾಬ್ಲಾಂಕಾ ಅದರ ಈಚೆ, ಮರಳುಗಾಡು ಆಚೆ. ಅಂದರೆ ಮರಳು ನೋಡಬೇಕಾದರೆ ಬೆಟ್ಟವನ್ನು ಒಂದು ಸಲ ಹತ್ತಿಳಿಯಲೇಬೇಕು, ವಾಪಸ್ ಬರೋಕೆ ಇನ್ನೊಂದು ಸಲ. ಮರಾಕೆಶ್‌ನಿಂದ ಹೋಗಿ ಮರಾಕೆಶ್‌ಗೇ ಬಂದರೆ ಎರಡು ಸಲವೂ ಅದೇ ಘಾಟಿ, ಅದೇ ರಸ್ತೆ. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿದರೆ ಅಷ್ಟೇ ದಣಿವಿಗೆ ದೇಶದ ಎರಡು ಮುಖ ಕಾಣುತ್ತೆ. ಫೆಸ್‌ನಿಂದ ಮರಾಕೆಶ್‌ಗೆ ಮರಳುಗಾಡಿನ ಮೂಲಕ ಹೋಗೋದು ಇದೇ ಕಾರಣಕ್ಕೆ.

ನಾನಾದರೆ ಹೀಗೆ ಹಾಕುತ್ತೇನೆ. ಮೊದಲ ರಾತ್ರಿ ಕಾಸಾಬ್ಲಾಂಕಾ, ಬರೀ ನಿದ್ದೆಗೆ. ಮರುದಿನ ಬೆಳಗ್ಗೆ ಹಸನ್ II ಮಸೀದಿ (1993ರಲ್ಲಿ ಮುಗಿದದ್ದು; ಮೊರಾಕೊದಲ್ಲಿ ಮುಸ್ಲಿಮರಲ್ಲದವರಿಗೆ ಒಳಗೆ ಬಿಡುವ ಮಸೀದಿಗಳು ತೀರಾ ಕಡಿಮೆ, ಇದು ಅದರಲ್ಲೊಂದು; ನಿಗದಿತ ಹೊತ್ತಿಗೆ ಗೈಡ್ ಜೊತೆ ಮಾತ್ರ, ಶುಕ್ರವಾರ ಹೊತ್ತು ಬೇರೆ ಇರುತ್ತೆ). ಮಧ್ಯಾಹ್ನದ ರೈಲಿಗೆ ಫೆಸ್, ಸುಮಾರು 4 ಗಂಟೆ. ಫೆಸ್‌ನಲ್ಲಿ 2 ರಾತ್ರಿ. ನಾಲ್ಕನೇ ದಿನ ಮಿದೆಲ್ತ್, ಐದನೇ ದಿನ ಮೆರ್ಜೂಗಾ ಮರಳಲ್ಲಿ ರಾತ್ರಿ, ಆರನೇ ದಿನ ತಿಂಗೀರ್, ಏಳನೇ ದಿನ ಐತ್ ಬೆನ್‌ಹದ್ದು (ಮಣ್ಣಿನ ಹಳೇ ಕೋಟೆಯೂರು), ಎಂಟನೇ ದಿನ ಘಾಟಿ ಇಳಿದು ಮರಾಕೆಶ್. ಒಂಬತ್ತು ಮತ್ತು ಹತ್ತು ಎಸ್ಸವೀರಾ. ಹನ್ನೊಂದನೇ ರಾತ್ರಿ ಮತ್ತೆ ಮರಾಕೆಶ್, ಮರುದಿನ ವಿಮಾನ.

ದೂರದ ಲೆಕ್ಕ: ಫೆಸ್–ಮಿದೆಲ್ತ್ ಸುಮಾರು 200 ಕಿ.ಮೀ. (4 ಗಂಟೆ), ಮಿದೆಲ್ತ್–ಮೆರ್ಜೂಗಾ 265 (5 ಗಂಟೆ), ಮೆರ್ಜೂಗಾ–ತಿಂಗೀರ್ 200 (3 ಗಂಟೆ ಚಿಲ್ಲರೆ), ತಿಂಗೀರ್–ಐತ್ ಬೆನ್‌ಹದ್ದು 200 (4 ಗಂಟೆ), ಅಲ್ಲಿಂದ ಮರಾಕೆಶ್ 185 (4 ಗಂಟೆ). ಮಿದೆಲ್ತ್ ಬಿಟ್ಟು ಫೆಸ್‌ನಿಂದ ಒಂದೇ ದಿನಕ್ಕೆ ಮೆರ್ಜೂಗಾ ಮುಟ್ಟುವವರು ಬೇಕಾದಷ್ಟಿದ್ದಾರೆ. ನಿಂತು ನಿಂತು ಹೋದರೆ ಅದು 10 ಗಂಟೆ. 68 ವರ್ಷದ ಮಂಡಿಗೆ ಅದು ಶಿಕ್ಷೆ; ಜೊತೆಗೆ ತಲುಪೋ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯಾಸ್ತ ಸಂಜೆ ಆರೂ ಮುಕ್ಕಾಲರ ಆಸುಪಾಸು. ಮರಳ ದಿಬ್ಬದ ಬುಡಕ್ಕೆ 4 ಗಂಟೆಗೆ ಬಂದಿರಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಒಂಟೆ ಸವಾರಿ.

ಶೆಫ್‌ಶಾವೆನ್ ತೆಗೆದುಬಿಡಿ. ಫೆಸ್‌ನಿಂದ ಉತ್ತರಕ್ಕೆ 200 ಕಿ.ಮೀ., 4 ಗಂಟೆ, ಮರಳಿರೋದು ದಕ್ಷಿಣಕ್ಕೆ. ಹೋಗಿ ಬರೋದಕ್ಕೇ ಒಂದು ಹಗಲು ಹೋಯಿತು. ಮೇಲಾಗಿ ಊರು ಪೂರ್ತಿ ಬೆಟ್ಟದ ಇಳಿಜಾರಲ್ಲಿದೆ, ಬೀದಿಗಳೇ ಮೆಟ್ಟಿಲು. ನೀಲಿ ಗೋಡೆಯ ಫೋಟೋಗೋಸ್ಕರ ಅಪ್ಪನನ್ನು ಹೋಟೆಲ್ ರೂಮಲ್ಲಿ ಕೂರಿಸಿದ ಹಾಗಾಗುತ್ತೆ.

ಕಡಲನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಎಸ್ಸವೀರಾ ಹಳೇ ಪೇಟೆ ಸಮತಟ್ಟು, ಬೀದಿಗಳು ನೇರ. 1760ರ ದಶಕದಲ್ಲಿ ಸುಲ್ತಾನ ಮೂರನೇ ಮಹಮ್ಮದ್ ಫ್ರೆಂಚ್ ಎಂಜಿನಿಯರ್ ಕೈಲಿ ನಕ್ಷೆ ಹಾಕಿಸಿ ಕಟ್ಟಿಸಿದ ಊರು, ಹಾಗಾಗಿ ಫೆಸ್‌ನ ಗೋಜಲು ಇಲ್ಲಿಲ್ಲ. ಐದು ದಿನದ ರಸ್ತೆ ಮುಗಿಸಿದ ಮೇಲೆ ಎರಡು ದಿನ ಕೋಟೆ ಗೋಡೆ ಮೇಲೆ ಗಾಳಿ ಕುಡಿಯೋಕೆ ಸರಿಯಾದ ಜಾಗ. ಸಮುದ್ರಸ್ನಾನದ ಆಸೆ ಮಾತ್ರ ಬೇಡ. ಉತ್ತರದಿಂದ ಬರುವ ತಣ್ಣನೆಯ ಕಡಲ ಹರಿವು ದಡಕ್ಕೆ ಒತ್ತಿಕೊಂಡು ಹೋಗುತ್ತೆ, ಗಾಳಿಯೂ ಜೋರು. ಗೋಕರ್ಣ, ಮಲ್ಪೆ ಮನಸ್ಸಲ್ಲಿಟ್ಟುಕೊಂಡು ಹೋದರೆ ನಿರಾಸೆ.

---

ಘಟ್ಟದಾಚೆ

ಹಳೇ ನಕ್ಷೆಯವರ ದಾರಿ ಸರಿ ಇದೆ. ಗಾಡಿ ವಿಷಯ ನಾನು ಹೇಳ್ತೀನಿ.

ನೀವೇ ಓಡಿಸೋದು ಬೇಡ. ರಸ್ತೆ ಚೆನ್ನಾಗಿದೆ, ಅದು ತೊಂದರೆಯಲ್ಲ. ಅಲ್ಲಿ ಬಲಗಡೆ ಸಂಚಾರ, ಸ್ಟೀರಿಂಗ್ ಎಡಕ್ಕೆ. ನಮ್ಮ ಕೈ ಗೇರ್‌ಗೆ ಅಂತ ಬಾಗಿಲು ತಡಕುತ್ತೆ. ಬಾಡಿಗೆಗೆ ಸಿಗೋದು ಬಹುಪಾಲು ಮ್ಯಾನುಯಲ್. ಊರೊಳಗೆ 60, ಹೊರಗೆ 100, ಟೋಲ್ ರಸ್ತೆಯಲ್ಲಿ 120 ಮಿತಿ, ಊರ ಬಾಯಲ್ಲೇ ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತಿರ್ತಾರೆ, ದಂಡ ಅಲ್ಲೇ ಕಟ್ಟಬೇಕು. ಫೆಸ್‌ನಲ್ಲಿ ತಗೊಂಡು ಮರಾಕೆಶ್‌ನಲ್ಲಿ ಬಿಟ್ಟರೆ ಬೇರೆ ಊರಲ್ಲಿ ಬಿಟ್ಟಿದ್ದಕ್ಕೆ ಅಂತ ಪ್ರತ್ಯೇಕ ಶುಲ್ಕ. ಇಷ್ಟಾದ ಮೇಲೂ ಹಟ ಇದ್ದರೆ ಆರ್‌ಟಿಓನಲ್ಲಿ 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತೆ. ಕತ್ತಲಾದ ಮೇಲೆ ಓಡಿಸಬೇಡಿ. ದೀಪ ಇಲ್ಲದ ಮೊಪೆಡ್, ಕತ್ತೆಗಾಡಿ ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲ್ಲ.

ನಿಮಗೆ ಬೇಕಾಗಿರೋದು ನಾಲ್ಕನೇ ದಿನದಿಂದ ಎಂಟನೇ ದಿನದವರೆಗೆ ಡ್ರೈವರ್ ಸಮೇತ ಒಂದು ಗಾಡಿ. ಉಳಿದದ್ದಕ್ಕೆ ರೈಲು, ಬಸ್ಸು ಸಾಕು. ದರ ಕೇಳುವಾಗ ಈ ಐದು ವಿಷಯ ಬರಹದಲ್ಲಿ ಪಡೆಯಿರಿ: ಡೀಸೆಲ್ ಸೇರಿದೆಯಾ, ಡ್ರೈವರ್ ಊಟ-ವಸತಿ ಯಾರ ಲೆಕ್ಕ, ಖಾಲಿ ಗಾಡಿ ವಾಪಸ್ ಹೋಗೋ ಖರ್ಚು ಯಾರದ್ದು, ಮರಳಲ್ಲಿ ಕ್ಯಾಂಪ್‌ವರೆಗೆ ಬಿಡುವ ಜೀಪು ಸೇರಿದೆಯಾ, ಮತ್ತು ದಾರಿಯಲ್ಲಿ ಕಾರ್ಪೆಟ್ ಅಂಗಡಿ, ಅರ್ಗಾನ್ ಎಣ್ಣೆ ಸಹಕಾರ ಸಂಘ ನಿಲ್ಲಿಸೋದು ನಮಗೆ ಬೇಡ ಅಂದರೆ ಒಪ್ಪಿಗೆಯಾ. ಕೊನೆಯದ್ದಕ್ಕೆ ಹಾರಿಕೆ ಉತ್ತರ ಬಂದರೆ ಆ ದರ ಅಗ್ಗ ಇರೋದು ಯಾಕೆ ಅಂತ ಅರ್ಥ ಮಾಡ್ಕೊಳ್ಳಿ. ಕಮಿಷನ್ ಅಲ್ಲಿಂದ ಬರುತ್ತೆ.

ಇನ್ನೊಂದು, ಎಲ್ಲರೂ ಮರೆಯೋದು. ಏಳು ಸೀಟಿನ ಗಾಡಿಯಲ್ಲಿ ಹಿಂದಿನ ಸೀಟು ಎತ್ತಿದರೆ ಡಿಕ್ಕಿ ಇರಲ್ಲ. ಇನ್ನೋವಾದಲ್ಲಿ ತಿರುಪತಿಗೆ ಹೋದವರಿಗೆಲ್ಲ ಗೊತ್ತಿರೋ ವಿಷಯ. ಐದು ಜನ, ಐದು ದೊಡ್ಡ ಸೂಟ್‌ಕೇಸ್ ಅಂದರೆ ಎರಡು ಮಗಳ ತೊಡೆ ಮೇಲೆ. ಒಂಬತ್ತು ಸೀಟಿನ ವ್ಯಾನ್ ಕೇಳಿ, ಇಲ್ಲಾಂದ್ರೆ ಮಧ್ಯಮ ಗಾತ್ರದ ಮೂರು ಪೆಟ್ಟಿಗೆಗೆ ಇಳಿಯಿರಿ. ಗಾಡಿಯ ಮಾದರಿ ಹೆಸರು ಕೇಳಿ ಬರೆಸಿಕೊಳ್ಳಿ. "ಮಿನಿವ್ಯಾನ್" ಅನ್ನೋ ಮಾತಿಗೆ ಅರ್ಥ ಇಲ್ಲ.

ಘಾಟಿ ಬಗ್ಗೆ. ಎಂಟನೇ ದಿನದ ತಿಜಿ ನ್ ತಿಶ್ಕಾ ಕಣಿವೆದಾರಿ 2,260 ಮೀಟರ್. ನಮ್ಮ ಮುಳ್ಳಯ್ಯನಗಿರಿ ತುದಿಯೇ 1,930. ರಸ್ತೆ ಈಗ ಅಗಲ ಮಾಡಿದ್ದಾರೆ, ಆದರೂ ತಿರುವು ತಿರುವೇ. ಚಾರ್ಮಾಡಿಯಲ್ಲಿ ವಾಂತಿ ಮಾಡಿಕೊಳ್ಳುವವರು ಇಲ್ಲೂ ಮಾಡ್ಕೋತಾರೆ. ತಲೆಸುತ್ತಿನ ಮಾತ್ರೆಯನ್ನು ಹೊರಡೋ ಮುಂಚೆಯೇ ತಗೋಬೇಕು (ಯಾವುದು, ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಅಪ್ಪನ ಬೇರೆ ಮಾತ್ರೆಗಳ ಜೊತೆ ಹೊಂದಬೇಕು), ಮುಂದಿನ ಸೀಟು, ತಿಂಡಿ ಹಗುರ. ಚಳಿಗಾಲದಲ್ಲಿ ಹಿಮ ಬಿದ್ದಾಗ ಈ ದಾರಿಯನ್ನೇ ಮುಚ್ಚುತ್ತಾರೆ. ಅಕ್ಟೋಬರ್‌ಗೆ ಆ ಭಯ ಕಡಿಮೆ.

ಮರಾಕೆಶ್‌ನಿಂದ "ಎರಡು ದಿನದ ಮರಳುಗಾಡು" ಅಂತ ಮಾರುವವರ ಬಗ್ಗೆಯೂ ಹೇಳಿಬಿಡ್ತೀನಿ. ಅದು ಜಗೋರಾ ಕಡೆಗೆ. ಅಲ್ಲಿ ದಿಬ್ಬಗಳು ಪುಟ್ಟವು. ಮರಾಕೆಶ್ ಪಕ್ಕದ ಅಗಫಾಯ್ ಅಂತೂ ಮರಳೇ ಅಲ್ಲ, ಕಲ್ಲು ಮಣ್ಣಿನ ಬಯಲು. ಸುಮಾರು 150 ಮೀಟರ್‌ವರೆಗೆ ಏರುವ ಕಿತ್ತಳೆ ದಿಬ್ಬ ಬೇಕಾದರೆ ಮೆರ್ಜೂಗಾದ ಎರ್ಗ್ ಶೆಬ್ಬಿ (ಎರ್ಗ್ ಅಂದರೆ ಮರಳ ದಿಬ್ಬಗಳ ಹರವು). ಎರ್ಗ್ ಶಿಗಾಗಾ ಇನ್ನೂ ನಿರ್ಜನ, ಆದರೆ ಡಾಂಬರು ಮುಗಿದ ಮೇಲೆ ಗಂಟೆಗಟ್ಟಲೆ ಜೀಪಲ್ಲಿ ಕುಲುಕಬೇಕು. ನಿಮಗಲ್ಲ.

---

ರೈಲುಪ್ರೇಮಿ

ಶೆಫ್‌ಶಾವೆನ್ ಬಿಡಿ ಅಂತ ಇಷ್ಟು ಸಲೀಸಾಗಿ ಹೇಳಬೇಡಿ ಸಾರ್. ಅದನ್ನು ಫೆಸ್‌ನಿಂದ ನೋಡಿದರೆ ದೂರ, ತಾಂಜೀರ್‌ನಿಂದ ನೋಡಿದರೆ ಎರಡೂವರೆ ಗಂಟೆಯೊಳಗೆ. 2018ರಲ್ಲಿ ಶುರುವಾದ ಅಲ್ ಬೊರಾಕ್ ಅತಿವೇಗದ ರೈಲು ಕಾಸಾಬ್ಲಾಂಕಾದಿಂದ ತಾಂಜೀರ್‌ಗೆ 2 ಗಂಟೆ 10 ನಿಮಿಷ, ಗಂಟೆಗೆ 320 ಕಿ.ಮೀ.ವರೆಗೆ ಓಡುತ್ತೆ. ಮಗಳಿಗೆ ಅದೇ ಒಂದು ಪ್ರೇಕ್ಷಣೀಯ ಸ್ಥಳ. ತಾಂಜೀರ್ ಅಂದರೆ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸೇರುವ ಕಡೆ, ಎದುರಿಗೆ ಸ್ಪೇನ್ ಕಾಣುತ್ತೆ. ಕಡಲು ಅಲ್ಲೇ ಮುಗಿಯಿತು. ಕಾಸಾಬ್ಲಾಂಕಾ–ತಾಂಜೀರ್–ಶೆಫ್‌ಶಾವೆನ್–ಫೆಸ್–ಮರಳು–ಮರಾಕೆಶ್ ಅಂತ ಮಾಡಿ, ಎಸ್ಸವೀರಾ ಬಿಡಿ. ಎರಡರಲ್ಲಿ ಒಂದು, ಎರಡೂ ಅಲ್ಲ. ಅಷ್ಟು ಒಪ್ಪುತ್ತೇನೆ.

ರೈಲಿನ ಬಗ್ಗೆ ಮೂರು ಮಾತು. ಕಾಸಾಬ್ಲಾಂಕಾ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ. ನೀವು ಇಳಿಯಬೇಕಾದ್ದು ಕಾಸಾ ವೊಯಾಜರ್. "ಕಾಸಾ ಪೋರ್" ಬೇರೆ. ಮೊದಲ ದರ್ಜೆಯಲ್ಲಿ ಸೀಟು ನಂಬರ್ ಸಿಗುತ್ತೆ, ಎರಡನೇ ದರ್ಜೆಗಿಂತ ಹೆಚ್ಚುವರಿ ದುಡ್ಡು ದೊಡ್ಡದಲ್ಲ, ಐದು ಜನ ಒಟ್ಟಿಗೆ ಕೂರಬೇಕಾದರೆ ಅದನ್ನೇ ತಗೊಳ್ಳಿ. ಮೂರನೇದು, ದಕ್ಷಿಣದ ಕಡೆ ರೈಲು ಮರಾಕೆಶ್‌ಗೆ ಮುಗಿಯುತ್ತೆ. ಎಸ್ಸವೀರಾ, ವರ್ಜಾಜಾತ್, ಮೆರ್ಜೂಗಾ, ಶೆಫ್‌ಶಾವೆನ್ ಯಾವುದಕ್ಕೂ ಹಳಿ ಇಲ್ಲ. ಎಸ್ಸವೀರಾಗೆ ಮರಾಕೆಶ್ ರೈಲು ನಿಲ್ದಾಣದ ಪಕ್ಕದಿಂದ ಸುಪ್ರಾಟೂರ್ಸ್ ಬಸ್ಸು, 3 ಗಂಟೆ, ಎರಡು ಮೂರು ದಿನ ಮುಂಚೆ ಸೀಟು ಹಿಡಿಯಿರಿ.

---

ಹಳೇ_ನಕ್ಷೆ (ಮಲ್ಲೇಶ್ವರಂ)

@ರೈಲುಪ್ರೇಮಿ, ಮಂಡಿ ಗಟ್ಟಿ ಇರೋ ಮೂವತ್ತರ ಹುಡುಗರಾಗಿದ್ದರೆ ನಿಮ್ಮ ದಾರಿಗೇ ಕೈ ಎತ್ತುತ್ತಿದ್ದೆ. ಇಲ್ಲಿ ತಾಂಜೀರೂ ಏರು, ಶೆಫ್‌ಶಾವೆನ್ನೂ ಏರು, ಆಮೇಲೆ ಫೆಸ್ಸೂ ಏರು. ಮೂರು ಊರು ಸತತವಾಗಿ ಮೆಟ್ಟಿಲು ಹತ್ತಿಸಿ ಆಮೇಲೆ ಐದು ದಿನ ಗಾಡಿಯಲ್ಲಿ ಕಾಲು ಮಡಿಸಿ ಕೂರಿಸಿದರೆ ಮರಾಕೆಶ್‌ನಲ್ಲಿ ವೀಲ್‌ಚೇರ್ ಹುಡುಕಬೇಕಾದೀತು.

---

ಉಪ್ಪಿಟ್ಟು_ಪಾಸ್‌ಪೋರ್ಟ್ (ಬನಶಂಕರಿ)

ಶೆಫ್‌ಶಾವೆನ್ ಬಿಟ್ಟೆವು, ಮಗಳನ್ನು ಒಪ್ಪಿಸೋ ಕೆಲಸ ಬಾಕಿ. ಫೆಸ್‌ನಲ್ಲೂ ಏರು ಅಂತೀರಲ್ಲ, ಅಲ್ಲಿ ಅಪ್ಪನಿಗೆ ಏನು ಮಾಡೋದು? ಅಮ್ಮನ ಊಟದ ಪ್ರಶ್ನೆ ಹಾಗೇ ಉಳಿದಿದೆ. "ತರಕಾರಿ ತಾಜೀನ್ ಎಲ್ಲಾ ಕಡೆ ಸಿಗುತ್ತೆ, ಯೋಚನೆ ಇಲ್ಲ" ಅಂತ ಎಲ್ಲ ಕಡೆ ಬರೆದಿದ್ದಾರೆ, ಹೌದಾ?

---

ಹುಳಿಯನ್ನ (ಬಸವನಗುಡಿ)

ಅರ್ಧ ಹೌದು. ಆ ಇನ್ನರ್ಧದಲ್ಲೇ ಮೋಸ ಹೋಗೋದು.

ತಾಜೀನ್ ಅಂದರೆ ಶಂಕುವಿನ ಮುಚ್ಚಳದ ಮಣ್ಣಿನ ಪಾತ್ರೆ, ಅದರಲ್ಲಿ ಬೇಯಿಸಿದ ಅಡುಗೆಗೂ ಅದೇ ಹೆಸರು. ತರಕಾರಿ ತಾಜೀನ್ ಮೇಲೆ ನೋಡಿದರೆ ಆಲೂಗಡ್ಡೆ, ಕ್ಯಾರೆಟ್, ಸೀಮೆಸೌತೆ ಥರದ ಕಾಯಿ. ಕೆಳಗಿನ ರಸ ಎಷ್ಟೋ ಕಡೆ ಮಾಂಸ ಬೇಯಿಸಿದ ನೀರು. ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡಿ ಮಾಂಸದ ತುಂಡು ತೆಗೆದು ಬಡಿಸುವುದೂ ಉಂಟು. ಅವರ ಲೆಕ್ಕದಲ್ಲಿ ತಟ್ಟೆಯಲ್ಲಿ ಮಾಂಸ ಕಾಣದಿದ್ದರೆ ಅದು ಸಸ್ಯಾಹಾರ. ಕುಸ್‌ಕುಸ್ ಇನ್ನೂ ಸೂಕ್ಷ್ಮ. ಆ ರವೆಯನ್ನು ಹಬೆಯಲ್ಲಿ ಬೇಯಿಸೋದು ಮಾಂಸದ ಸಾರು ಕುದಿಯುವ ಪಾತ್ರೆಯ ಮೇಲೆ ತೂತಿನ ಪಾತ್ರೆ ಇಟ್ಟು. ಶುಕ್ರವಾರ ಎಲ್ಲ ಕಡೆ ಸಿಗುವ "ಏಳು ತರಕಾರಿ ಕುಸ್‌ಕುಸ್" ಹೆಸರು ಕೇಳಿ ಅಮ್ಮ ಖುಷಿ ಪಡಬಾರದು. ಹರೀರಾ ಸೂಪ್ ಕಡಲೆ, ಬೇಳೆ, ಟೊಮ್ಯಾಟೊ ಹಾಕಿ ನಮ್ಮ ಕಣ್ಣಿಗೆ ಬೇಳೆಸಾರಿನ ಹಾಗೇ ಕಾಣುತ್ತೆ. ಅದರಲ್ಲೂ ಸಾಮಾನ್ಯವಾಗಿ ಮಾಂಸ.

ಹಾಗಾಗಿ ಹೇಳಬೇಕಾದ ಮಾತು "ವೆಜಿಟೇರಿಯನ್" ಅಲ್ಲ. ಅಲ್ಲಿನ ಅರಬಿಯಲ್ಲಿ "ಬ್ಲಾ ಲ್ಹಮ್, ಬ್ಲಾ ದ್ಜಾಜ್" – ಮಾಂಸ ಇಲ್ಲದೆ, ಕೋಳಿ ಇಲ್ಲದೆ. ಫ್ರೆಂಚಲ್ಲಿ "ಸಾಂ ಬುಯಾಂ ದ ವ್ಯಾಂದ್" – ಮಾಂಸದ ರಸ ಇಲ್ಲದೆ. ಈ ಎರಡು ಸಾಲನ್ನು ಅರಬಿ, ಫ್ರೆಂಚ್ ಲಿಪಿಯಲ್ಲಿ ಒಂದು ಕಾಗದಕ್ಕೆ ಬರೆಸಿಕೊಂಡು ಅಮ್ಮನ ಪರ್ಸಲ್ಲಿಡಿ. ಮೊಟ್ಟೆಗೆ "ಬ್ಲಾ ಬೈದ್". ಇದನ್ನೂ ಸೇರಿಸಿ, ಮಾಂಸ ಬೇಡ ಅಂದ ತಕ್ಷಣ ಆಮ್ಲೆಟ್ ಹಾಕಿ ತರ್ತಾರೆ. ರಾತ್ರಿ ತಂಗುವ ಮನೆ, ಮರಳಿನ ಕ್ಯಾಂಪ್ ಎರಡಕ್ಕೂ ಎರಡು ದಿನ ಮುಂಚೆ ವಾಟ್ಸಾಪಲ್ಲಿ ಕಳಿಸಿ. ಅಲ್ಲಿ ನಿಮಗೋಸ್ಕರ ಬೇರೆ ತಾಜೀನ್ ಒಲೆ ಮೇಲಿಡೋದು ಕಷ್ಟ ಅಲ್ಲ, ಆದರೆ ಅದು ನಿಧಾನಕ್ಕೆ ಬೇಯುವ ಅಡುಗೆ; ತಟ್ಟೆ ಮುಂದೆ ಕೂತು ಹೇಳಿದರೆ ಆಗಲ್ಲ.

ನಿಶ್ಚಿಂತೆಯಿಂದ ತಿನ್ನಬಹುದಾದವು: ಮ್ಸೆಮೆನ್ (ಪದರ ಪದರವಾದ ಚೌಕ ಪರೋಟ ಅನ್ನಿ), ಬಗ್‌ರೀರ್ (ತೂತು ತೂತಾದ ದೋಸೆಯ ಥರ, ಮೇಲೆ ಜೇನು ಬೆಣ್ಣೆ), ಹರ್ಷಾ ಅನ್ನುವ ರವೆ ರೊಟ್ಟಿ, ಜಾಲೂಕ್ (ಸುಟ್ಟ ಬದನೆಕಾಯಿ ಗೊಜ್ಜು), ತಕ್ತೂಕಾ (ದೊಣ್ಣೆ ಮೆಣಸಿನಕಾಯಿ, ಟೊಮ್ಯಾಟೊ). ಬಿಸಾರಾ ಸಿಕ್ಕರೆ ಬಿಡಬೇಡಿ. ಒಣಗಿಸಿದ ದೊಡ್ಡ ಅವರೆಯಂಥ ಕಾಳನ್ನು ಬೇಯಿಸಿ ಅರೆದು ಆಲಿವ್ ಎಣ್ಣೆ, ಜೀರಿಗೆ ಪುಡಿ ಹಾಕಿದ ಗಟ್ಟಿ ಸಾರು. ಬೆಳಗಿನ ಹೊತ್ತು ಸಣ್ಣ ಅಂಗಡಿಗಳಲ್ಲಿ. ಲೂಬಿಯಾ (ಬಿಳಿ ಹುರುಳಿಕಾಯಿ ಬೀಜ), ಅದಸ್ (ಬೇಳೆ) ಇವಕ್ಕೆ ಮಾತ್ರ ಕೇಳಿಯೇ ತಿನ್ನಿ.

ಎಸ್ಸವೀರಾ ಬಂದರಿನ ಮೀನು ಅಂಗಡಿಗಳ ಸಾಲಲ್ಲಿ ಅಮ್ಮನನ್ನು ಕರ್ಕೊಂಡು ಹೋಗೋ ಮುಂಚೆ ಗಾಳಿ ಯಾವ ಕಡೆಯಿಂದ ಅಂತ ನೋಡ್ಕೊಳ್ಳಿ, ಅಷ್ಟೇ.

ಚಟ್ನಿಪುಡಿ, ಹುರಿಯಕ್ಕಿ, ಗೊಜ್ಜವಲಕ್ಕಿ ಪುಡಿ, ಉಪ್ಪಿನಕಾಯಿ ಒಯ್ಯಿರಿ. ಅವರ ರೊಟ್ಟಿಗೆ ಚಟ್ನಿಪುಡಿ-ಆಲಿವ್ ಎಣ್ಣೆ ಪರಮಾನ್ನ. ಉಪ್ಪಿನಕಾಯಿ ಚೆಕ್-ಇನ್ ಪೆಟ್ಟಿಗೆಗೆ. ಚಿಕ್ಕ ಕೆಟಲ್ ಒಯ್ಯುವುದಾದರೆ: ಅಲ್ಲಿನ ಸಾಕೆಟ್ ಯುರೋಪಿನ ದುಂಡು ಎರಡು ಪಿನ್ನಿನದ್ದು, 220 ವೋಲ್ಟ್. ಫೋನ್ ಚಾರ್ಜರ್‌ನ ಸಣ್ಣ ಎರಡು ಪಿನ್ ಕೂರುತ್ತೆ, ನಮ್ಮ ಮೂರು ಪಿನ್ ಕೂರಲ್ಲ. ಎಸ್‌ಪಿ ರಸ್ತೆಯಲ್ಲಿ ಸಿಗುವ 6 ಆಂಪಿಯರ್ ಅಡಾಪ್ಟರ್‌ಗೆ 1,500 ವ್ಯಾಟ್ ಕೆಟಲ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತೆ, 10 ಆಂಪಿಯರ್‌ನದ್ದೇ ತಗೊಳ್ಳಿ. ಮರಳಿನ ಕ್ಯಾಂಪಲ್ಲಿ ಕೆಟಲ್ ತೆಗೆಯಲೇಬೇಡಿ. ಅಲ್ಲಿರೋದು ಸೌರ ವಿದ್ಯುತ್ತೋ ಜನರೇಟರೋ, ಇಡೀ ಕ್ಯಾಂಪಿನ ದೀಪ ಹೋದೀತು. ಬಿಸಿನೀರು ಕೇಳಿದರೆ ಅವರೇ ಕೊಡ್ತಾರೆ.

---

ಚಿಕ್ಕಪೇಟೆ_ಗಲ್ಲಿ

ಫೆಸ್ ಮತ್ತು ಮಂಡಿ: ಹಳೇ ಪೇಟೆ ಬಟ್ಟಲಿನ ಹಾಗಿದೆ. ಪಶ್ಚಿಮದ ಬಾಬ್ ಬೂಜ್ಲೂದ್ ಬಾಗಿಲು ಮೇಲೆ, ಖರವಿಯ್ಯೀನ್ ಮಸೀದಿ (859ರಲ್ಲಿ ಸ್ಥಾಪನೆ, ಒಳಗೆ ಬಿಡಲ್ಲ, ಬಾಗಿಲಿಂದ ಇಣುಕಬಹುದು) ಕೆಳಗೆ. ತಾಲಾ ಕಬೀರಾ ಬೀದಿ ಪೂರ್ತಿ ಇಳಿಜಾರು. ಮೇಲಿಂದ ನಿಧಾನಕ್ಕೆ ಇಳಿಯುತ್ತಾ ಬೂ ಇನಾನಿಯಾ, ಅತ್ತಾರೀನ್ ಮದರಸಾಗಳನ್ನು ನೋಡಿ (ಇವೆರಡಕ್ಕೂ ಟಿಕೆಟ್ ತಗೊಂಡು ಒಳಗೆ ಹೋಗಬಹುದು), ವಾಪಸ್ ಹತ್ತಬೇಡಿ. ಅಲ್ಲಿಂದ ಹತ್ತಿರದ ರ್‌ಸೀಫ್ ಚೌಕಕ್ಕೆ ಹೊರಬಂದರೆ ಟ್ಯಾಕ್ಸಿ ಸಿಗುತ್ತೆ. ಅಪ್ಪನ ಇಡೀ ಸಮಸ್ಯೆಗೆ ಇದೇ ಉಪಾಯ. ಕೆಳಮುಖ ನಡಿಗೆಗೂ ಮಂಡಿ ನೋಯುತ್ತೆ ಅಂದರೆ ಊರುಗೋಲು ಇರಲಿ, ನೆಲ ನುಣುಪು ಕಲ್ಲು. ಹಿಂದಿನಿಂದ "ಬಾಲಕ್" ಅಂತ ಕೂಗು ಕೇಳಿದರೆ ತಕ್ಷಣ ಗೋಡೆಗೆ ಒತ್ತಿ ನಿಲ್ಲಿ: ಹೇರು ಹೊತ್ತ ಕತ್ತೆ ಬರ್ತಿದೆ ಅಂತ ಅರ್ಥ.

ತಂಗುವುದಕ್ಕೆ ಎಲ್ಲರೂ ಹೇಳುವ ರಿಯಾದ್ (ಸೌದಿ ರಾಜಧಾನಿಗೂ ಇದಕ್ಕೂ ಸಂಬಂಧ ಇಲ್ಲ) ಅಂದರೆ ಅಂಗಳದ ಸುತ್ತ ಕಟ್ಟಿದ ತೊಟ್ಟಿ ಮನೆ. ನೋಡೋಕೆ ಚಂದ, ಆದರೆ ಲಿಫ್ಟ್ ಇರಲ್ಲ, ಮೆಟ್ಟಿಲು ಕಡಿದು, ಕೋಣೆಗಳು ಹೆಚ್ಚಾಗಿ ಮೇಲೆ. ಬುಕ್ ಮಾಡುವಾಗಲೇ ಎರಡು ಪ್ರಶ್ನೆ: ನೆಲಮಹಡಿ ಕೋಣೆ ಕೊಡ್ತೀರಾ, ಕಾರು ಬರುವ ಜಾಗದಿಂದ ಎಷ್ಟು ನಿಮಿಷ ನಡಿಗೆ. 5 ನಿಮಿಷಕ್ಕಿಂತ ಹೆಚ್ಚಾದರೆ ಬೇರೆ ಮನೆ ನೋಡಿ. ಪೆಟ್ಟಿಗೆಗಳನ್ನು ಕೈಗಾಡಿಯವರು ಎಳ್ಕೊಂಡು ಬರ್ತಾರೆ, ಮನೆಯವರಿಂದಲೇ ದರ ಕೇಳಿಸಿ ಕಳಿಸಿಕೊಳ್ಳಿ.

ಊರೊಳಗಿನ ಚಿಕ್ಕ ಟ್ಯಾಕ್ಸಿಯಲ್ಲಿ ಕಾನೂನಿನ ಪ್ರಕಾರ ಮೂರೇ ಜನ. ನೀವು ಐದು, ಅಂದರೆ ಯಾವಾಗಲೂ ಎರಡು ಟ್ಯಾಕ್ಸಿ. ಒಂದೊಂದರಲ್ಲಿ ಫೋನ್ ಇರುವ ಒಬ್ಬರು ಕೂರಿ. ಫೆಸ್, ಕಾಸಾಬ್ಲಾಂಕಾದಲ್ಲಿ ಕೆಂಪು ಬಣ್ಣ. ಹತ್ತುವ ಮುಂಚೆ "ಕೊಂಟರ್", ಅಂದರೆ ಮೀಟರ್ ಅನ್ನಿ. ನಮ್ಮ ಆಟೋದವರ ಜೊತೆ ಪಳಗಿದವರಿಗೆ ಹೆಚ್ಚಿಗೆ ಹೇಳಬೇಕಿಲ್ಲ. ರಾತ್ರಿ ಮೀಟರ್ ಮೇಲೆ ಅರ್ಧ ಹೆಚ್ಚು, ಇದೂ ನಮ್ಮ ಹಾಗೇ.

"ಈ ದಾರಿ ಮುಚ್ಚಿದೆ, ಬನ್ನಿ ತೋರಿಸ್ತೀನಿ" ಅನ್ನುವ ಹುಡುಗನ ಹಿಂದೆ ಹೋಗಬೇಡಿ. ದಾರಿ ಮುಚ್ಚಿರಲ್ಲ, ದಾರಿ ಕೊನೆಗೆ ಅವನ ಅಂಗಡಿ ಇರುತ್ತೆ. ಚರ್ಮ ಹದ ಮಾಡುವ ಶುವಾರಾ ತೊಟ್ಟಿಗಳನ್ನು ನೋಡೋಕೆ ಸುತ್ತಲಿನ ಚರ್ಮದ ಅಂಗಡಿಗಳ ಮಹಡಿಯೇ ಗತಿ. ವಾಸನೆಗೆ ಪುದೀನ ಕೊಡ್ತಾರೆ, ಇಳಿಯುವಾಗ ಜಾಕೆಟ್ ತೋರಿಸ್ತಾರೆ. ಸಣ್ಣ ಇನಾಮು ಕೊಟ್ಟು ಹೊರಡಿ.

---

ನೋಟಿನ_ಕಂತೆ

ಕಾಗದಪತ್ರ, ದುಡ್ಡು ಬಗ್ಗೆ ಬೇಗ ಹೇಳಿಬಿಡ್ತೀನಿ.

ವೀಸಾ ಆನ್‌ಲೈನಲ್ಲಿ, ಮೊರಾಕೊ ಸರ್ಕಾರದ ತಾಣದಲ್ಲಿ ಮಾತ್ರ. ಹುಡುಕಿದಾಗ ಮೊದಲು ಬರುವವು ಎಷ್ಟೋ ಸಲ ದಲ್ಲಾಳಿಗಳದ್ದು. ಬೇಗ ಬರುತ್ತೆ ಅಂದರೂ ಒಂದು ತಿಂಗಳು ಮುಂಚೆ ಹಾಕಿ, ಅದು ಬಂದ ಮೇಲೆ ವಾಪಸ್ ಬಾರದ ಹೋಟೆಲ್ ದುಡ್ಡು ಕಟ್ಟಿ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರೋದು ಮಾಮೂಲು. ಅಪ್ಪ ಅಮ್ಮನದ್ದು ಈಗಲೇ ತೆಗೆದು ನೋಡಿ. ಖಾಲಿ ಇದ್ದರೆ ಟಿಕೆಟ್, ವೀಸಾ ಎರಡರಲ್ಲೂ ಒಂದೇ ರೀತಿ ತುಂಬಬೇಕು. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ದುಬೈ, ಅಬುಧಾಬಿ ಅಥವಾ ದೋಹಾ ಬದಲಾಯಿಸಬೇಕು. ದುಬೈಯಲ್ಲಿ ಒಂದು ದಿನ ಹೊರಗೆ ಸುತ್ತುವ ಆಸೆ ಇದ್ದರೆ ಒಂಟಿ ಹೆಸರಿನವರಿಗೆ ಯುಎಇ 2022ರಿಂದ ಕಡ್ಡಿ ಆಡಿಸ್ತಿದೆ. ನಿಲ್ದಾಣದೊಳಗೇ ಬದಲಾಯಿಸಿಕೊಂಡು ಹೋಗಿ. ಮರಾಕೆಶ್‌ನಿಂದ ಕಾಸಾಬ್ಲಾಂಕಾ ವಿಮಾನ ನಿಲ್ದಾಣಕ್ಕೆ ಟೋಲ್ ರಸ್ತೆಯಲ್ಲಿ 3 ಗಂಟೆ, ಕೊನೇ ದಿನದ ಲೆಕ್ಕಕ್ಕೆ ಅದನ್ನು ಸೇರಿಸಿ.

ದಿರ್ಹಮ್ ಅವರ ದೇಶದೊಳಗಷ್ಟೇ ನಡೆಯುವ ನೋಟು. ಇಲ್ಲಿಂದ ಯೂರೋ ಒಯ್ದು ಅಲ್ಲಿ ಬದಲಾಯಿಸಿ. ಒಂದು ದಿರ್ಹಮ್ ಸ್ಥೂಲವಾಗಿ 9–10 ರೂಪಾಯಿ. ವಾಪಸ್ ಬರುವಾಗ 2,000 ದಿರ್ಹಮ್‌ಗಿಂತ ಹೆಚ್ಚು ಹೊರಗೆ ತರುವ ಹಾಗಿಲ್ಲ, ಉಳಿದದ್ದನ್ನು ಯೂರೋ ಮಾಡಿಕೊಳ್ಳಲು ಬದಲಾಯಿಸಿದ ರಸೀದಿ ಕೇಳ್ತಾರೆ, ಎಸೆಯಬೇಡಿ. ಎಟಿಎಂ 200ರ ನೋಟು ಕೊಡುತ್ತೆ. ಸೂಪರ್ ಮಾರ್ಕೆಟ್ಟಲ್ಲಿ ಒಡೆಸಿ. ಮೆರ್ಜೂಗಾ ದಾರಿಗೆ ಹೊರಡುವ ಮುಂಚೆ ಫೆಸ್‌ನಲ್ಲೇ ಐದು ದಿನದ ನಗದು ಇಟ್ಟುಕೊಳ್ಳಿ, ರಸ್ತೆ ಬದಿ ಊಟಕ್ಕೆ ಕಾರ್ಡ್ ನಡೆಯಲ್ಲ. ಶೌಚಾಲಯಕ್ಕೆ ನಾಣ್ಯ.

ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ. ನಿಷೇಧ, ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ತಾರೆ.

---

ಉಪ್ಪಿಟ್ಟು_ಪಾಸ್‌ಪೋರ್ಟ್ (ಬನಶಂಕರಿ)

ಎಲ್ಲರಿಗೂ ಧನ್ಯವಾದ, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಕೊನೇ ಪ್ರಶ್ನೆ: ಮರಳಿನ ರಾತ್ರಿ ಅಪ್ಪ ಒಂಟೆ ಹತ್ತಬಹುದಾ? ಬಟ್ಟೆ ಎಂಥದ್ದು ಬೇಕು?

---

ಘಟ್ಟದಾಚೆ

ಹತ್ತೋದು ಬೇಡ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತೆ, ಸವಾರ ಮುಂದಕ್ಕೆ ಮುಗ್ಗರಿಸ್ತಾನೆ. ಕೂರುವಾಗ ಮುಂಗಾಲು ಮೊದಲು ಮಡಿಸುತ್ತೆ, ಆಗಲೂ ಮುಂದಕ್ಕೇ. ಎರಡು ಸಲವೂ ಹಿಂದಕ್ಕೆ ವಾಲಿ, ಹಿಡಿ ಬಿಡದೆ ಕೂರಬೇಕು. ನಡುವೆ ಒಂದು ಗಂಟೆ ತೊಡೆ ಅಗಲಿಸಿಕೊಂಡು, ಕಾಲಿಗೆ ಆಸರೆ ಇಲ್ಲದೆ ಜೋತಾಡಬೇಕು. ಮಂಡಿಗೆ ಅದೇ ಹೆಚ್ಚು ಕಷ್ಟ. ಅಪ್ಪ ಅಮ್ಮ ಜೀಪಲ್ಲಿ ಕ್ಯಾಂಪಿಗೆ ಹೋಗಲಿ, ನೀವು ಮೂವರು ಒಂಟೆ ಮೇಲೆ ಬನ್ನಿ. ಬೆಳಗ್ಗೆ ವಾಪಸ್ ಬರುವಾಗ ನೀವೂ ಜೀಪನ್ನೇ ಹತ್ತುತ್ತೀರಿ, ಬೇಕಾದರೆ ನೋಡಿ.

ಕ್ಯಾಂಪ್ ಬುಕ್ ಮಾಡುವಾಗ ಡೇರೆಗೆ ಸೇರಿದಂತೆ ಶೌಚಾಲಯ ಇದೆಯಾ, ಕಮೋಡ್ ಇದೆಯಾ ಅಂತ ಕೇಳಿ. ಅಗ್ಗದ ಕ್ಯಾಂಪಲ್ಲಿ ಅದು ಮರಳಲ್ಲಿ ನೂರು ಹೆಜ್ಜೆ ದೂರ, ರಾತ್ರಿ ಎರಡು ಸಲ ಏಳುವವರಿಗೆ ಆಗಲ್ಲ. ದೊಡ್ಡ ಪೆಟ್ಟಿಗೆಗಳು ಗಾಡಿಯಲ್ಲೇ ಉಳಿಯಲಿ; ಒಬ್ಬೊಬ್ಬರಿಗೆ ಒಂದು ರಾತ್ರಿಯ ಚಿಕ್ಕ ಚೀಲ, ಅಪ್ಪನ ಮಾತ್ರೆ ಅದರಲ್ಲೇ.

ಬಟ್ಟೆ: ಅಕ್ಟೋಬರ್‌ನಲ್ಲಿ ಮೆರ್ಜೂಗಾ ಹಗಲು 30ರ ಹತ್ತಿರ, ರಾತ್ರಿ ಅದರ ಅರ್ಧ. ನೀವು ಹೆಚ್ಚು ನಡುಗೋದು ಮಿದೆಲ್ತ್‌ನಲ್ಲಿ, ಅದು 1,500 ಮೀಟರ್ ಎತ್ತರ. ಸ್ವೆಟರ್ ಪೆಟ್ಟಿಗೆ ತಳಕ್ಕೆ ಹಾಕಬೇಡಿ. ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಲ್ಲಿಡಿ, ಚಾರ್ಜರ್ ತೂತಿಗೆ ಮರಳು ಹೋದರೆ ಊದಬೇಡಿ, ಒಳಗೆ ಹೋಗುತ್ತೆ; ತಲೆಕೆಳಗೆ ಹಿಡಿದು ಮೆತ್ತಗೆ ತಟ್ಟಿ.

ಮೆರ್ಜೂಗಾಗಿಂತ ಮುಂಚೆ ಸಿಗುವ ಎರ್ಫೂದ್ ಊರು ದಾಟುವಾಗ ಖರ್ಜೂರ ಕೊಳ್ಳಿ, ಅದು ಕೊಯ್ಲಿನ ಕಾಲ. ಅರ್ಧ ಕಿಲೋ ಕೊಂಡು ರುಚಿ ನೋಡಿ ಆಮೇಲೆ ಡಬ್ಬಿ ಕಟ್ಟಿಸಿ. ಮೇಲಿನ ಸಾಲು ಮಾತ್ರ ದಪ್ಪ ಇರೋ ಡಬ್ಬಿಗಳೂ ಇರುತ್ತವೆ.